ಟೋಂಚಿ ಯಾರ ಕಡೆಯವನು

ನಮ್ಮ ದ್ವೀಪದಲ್ಲಿ ದೊಡ್ಡ ಟಿ.ವಿ. ಇರುವುದು ಒಂದೇ ಕಡೆ, ಮೀನುಗಾರರ ಸಂಘದ ಹಾಲ್‌ನಲ್ಲಿ. ದೇಶದ ಅಧ್ಯಕ್ಷರ ಚುನಾವಣೆ ಬಂದು ಅಭ್ಯರ್ಥಿಗಳಿಬ್ಬರು ಟಿ.ವಿ.ಯಲ್ಲಿ ಎದುರುಬದುರು ನಿಂತಾಗಲೆಲ್ಲ ಎರಡೂ ಪಕ್ಷದವರು ಅಲ್ಲೇ ಸೇರುತ್ತೇವೆ. ಮನೆಯಲ್ಲಿ ಟಿ.ವಿ. ಇಲ್ಲವೇ ಅಂದರೆ, ಇದೆ. ಆದರೆ ಮನೆಯಲ್ಲಿ ಕೂತು ನೋಡಿದರೆ ಯಾರನ್ನು ನೋಡಿ ಹಲ್ಲು ಕಿರಿಯುವುದು? ಎದುರಿನವನ ಮುಖ ಸಪ್ಪಗಾಗುವುದನ್ನು ಕಣ್ಣಾರೆ ಕಾಣಬೇಕು, ಅದೇ ಮಜ. ಬಾಗಿಲಿಂದ ಒಳಗೆ ಬಂದರೆ ಎಡಗಡೆ ಕಿಟಕಿ ಪಕ್ಕ ನಾವು, ಬಲಗಡೆ ಒಲೆ ಪಕ್ಕ ಅವರು. ಬೆಚ್ಚಗಿನ ಜಾಗ ಅವರ ಪಾಲಿಗೆ ಹೇಗೆ ಹೋಯಿತು ಅನ್ನುವುದು ಇಪ್ಪತ್ತು ವರ್ಷದ ಜಗಳ, ಈಗ ಅದನ್ನು ಎತ್ತುವುದಿಲ್ಲ. ನಡುವೆ ಒಬ್ಬರು ಓಡಾಡುವಷ್ಟು ದಾರಿ. ಪಾದ್ರಿ ಆ ದಾರಿಯಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಯಾರ ಕಡೆಯೂ ಅಲ್ಲ ಅಂತ ತೋರಿಸಲಿಕ್ಕೆ. ಅವರು ನಮ್ಮ ಕಡೆ ಅಂತ ಎಲ್ಲರಿಗೂ ಗೊತ್ತು.

ನಾನು ವಿಂಕಾ. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮುದ್ರೆ ಒತ್ತಿದವಳು. ಹದಿನೆಂಟು ವರ್ಷದಿಂದ ಈ ಪ್ರಿಬಿನ್ ದ್ವೀಪದಲ್ಲಿ ನಮ್ಮ ಪಕ್ಷದ ಕಾರ್ಯದರ್ಶಿ. ಬಾಯಿ ಜೋರು ಅಂತ ಹೆಸರಿದೆ, ಆ ಹೆಸರು ಸುಳ್ಳಲ್ಲ.

ಅವರ ಕಡೆ, ಒಲೆಗೆ ಹತ್ತಿರದ ಮೂರನೇ ಕುರ್ಚಿಯಲ್ಲಿ ಯಾವಾಗಲೂ ಕೂರುವವನು ಟೋಂಚಿ. ರೋಗಿಗಳನ್ನು ದಡದ ಆಸ್ಪತ್ರೆಗೆ ಸಾಗಿಸುವ ಬೋಟು ಅವನ ಕೈಯಲ್ಲಿತ್ತು. ನನ್ನ ಮಗಳು ಪೆರಿನಾಳಿಗೆ ಜ್ಞಾನಸ್ನಾನ ಮಾಡಿಸಿದ ದಿನ ಅವಳನ್ನು ಎತ್ತಿಕೊಂಡು ನಿಂತವನು ಅವನು. ನಮ್ಮಲ್ಲಿ ಅಂಥವನಿಗೆ ಕುಮ್ ಅನ್ನುತ್ತೇವೆ, ಅವನು ನನ್ನನ್ನು ಕುಮಾ ಅನ್ನುತ್ತಾನೆ. ರಕ್ತಸಂಬಂಧ ಅಲ್ಲ, ಅದಕ್ಕಿಂತ ಒಂದು ಕೈ ಮೇಲು. ಅಣ್ಣತಮ್ಮಂದಿರು ಆಸ್ತಿಗೆ ಕೋರ್ಟಿಗೆ ಹೋಗಿದ್ದನ್ನು ನೋಡಿದ್ದೇನೆ. ಕುಮ್ ಮೇಲೆ ಕೇಸು ಹಾಕಿದವರನ್ನು ಈ ದ್ವೀಪದಲ್ಲಿ ಯಾರೂ ನೋಡಿಲ್ಲ.

ನಾವಿಬ್ಬರೂ ರಾಜಕೀಯಕ್ಕೆ ಕಿತ್ತಾಡಿದಷ್ಟು ಬೇರೆ ಯಾರೂ ಕಿತ್ತಾಡಿಲ್ಲ ಅನ್ನುವುದು ಬೇರೆ ಮಾತು. ಅವನು ಪೋಸ್ಟರ್ ಅಂಟಿಸಿ ಹೋದರೆ ನಾನು ಅದರ ಮೇಲೆ ನಮ್ಮದು ಅಂಟಿಸುತ್ತಿದ್ದೆ. ಹಾಗೆ ಒಂದರ ಮೇಲೊಂದು ಬಿದ್ದು ಬೋಟು ಕಟ್ಟುವ ದಕ್ಕೆಯ ಗೋಡೆ ದಿಂಬಿನ ಹಾಗೆ ಊದಿಕೊಂಡಿತ್ತು. ಕ್ರಿಸ್‌ಮಸ್ ಹಿಂದಿನ ದಿನ ಮಾತ್ರ ಅವನು ಒಣಮೀನಿನ ಸಾರು ತಂದು ಕೊಡುತ್ತಿದ್ದ, ನಾನು ಒಣದ್ರಾಕ್ಷಿ ಹಾಕಿದ ಬೋಂಡ ಕರಿದು ಅವನ ಮನೆಗೆ ಒಯ್ಯುತ್ತಿದ್ದೆ. ಈ ಸಲದ ಕ್ರಿಸ್‌ಮಸ್‌ಗೂ ಕೊಟ್ಟುಕೊಂಡಿದ್ದೆವು. ನಾನು ಹೇಳುತ್ತಿರುವ ಗುರುವಾರ ಅದಾಗಿ ಎರಡು ವಾರಕ್ಕೆ.

ಗುರುವಾರ ಸಂಜೆ ಎಂಟಕ್ಕೆ ಚರ್ಚೆ, ಭಾನುವಾರ ಎರಡನೇ ಸುತ್ತಿನ ಮತದಾನ. ನಮ್ಮ ಅಭ್ಯರ್ಥಿ ಬ್ರುನೊ ಕಲೆಬ್. ಅವರ ಕಡೆಯಿಂದ ಝಾಗ್ರೆಬ್‌ನ ಒಬ್ಬ ಪ್ರೊಫೆಸರ್ ಹೆಂಗಸು, ನಾವು ಪ್ರೊಫೆಸರಮ್ಮ ಅನ್ನುತ್ತಿದ್ದೆವು, ಅಷ್ಟು ಮರ್ಯಾದೆ ಇಟ್ಟುಕೊಂಡೇನೂ ಅಲ್ಲ. ಮೊದಲ ಅರ್ಧ ಗಂಟೆ ಎಂದಿನ ಹಾಗೇ ಹೋಯಿತು. ಪ್ರೊಫೆಸರಮ್ಮ ಅಂಕಿಅಂಶ ಶುರುಮಾಡಿದರೆ ನಮ್ಮ ಯೆರ್ಕೊ ಜೋರಾಗಿ ಆಕಳಿಸುತ್ತಿದ್ದ. ಕಲೆಬ್ ನೀರು ಕುಡಿದರೆ ಕಾಫಿ ಅಂಗಡಿಯ ದಾರಿಂಕಾ, ಅವಳು ಅವರ ಕಡೆ, ಗಂಟಲು ಒಣಗಿತು ಪಾಪ ಅನ್ನುತ್ತಿದ್ದಳು. ಟೋಂಚಿ ನನ್ನ ಕಡೆ ತಿರುಗಿ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದ. ನಾನು ನಾಲಿಗೆ ಚಾಚಿದೆ. ಐವತ್ತೆಂಟು ವರ್ಷದ ಹೆಂಗಸು ನಾನು, ಅವನಿಗೆ ಅರವತ್ತೆರಡು.

ಆಮೇಲೆ ನಿರೂಪಕ ದ್ವೀಪಗಳ ಆಸ್ಪತ್ರೆ ವಿಚಾರ ತೆಗೆದ. ಪ್ರೊಫೆಸರಮ್ಮ ಎಷ್ಟು ಬೋಟು, ಎಷ್ಟು ವೈದ್ಯರು ಅಂತ ಲೆಕ್ಕ ಒಪ್ಪಿಸಿದಳು. ಕಲೆಬ್ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನಿಗೆ ಸುಮ್ಮನಿರುವುದು ಚೆನ್ನಾಗಿ ಬರುತ್ತದೆ. ಆಮೇಲೆ ಕ್ಯಾಮೆರಾ ಕಡೆ ತಿರುಗಿದ.

"ಪ್ರಿಬಿನ್ ಅಂತ ಒಂದು ದ್ವೀಪ ಇದೆ," ಅಂದ. "ಅಲ್ಲಿ ಒಬ್ಬ ಮಗಳು ನನ್ನ ಕೈ ಹಿಡಿದು ಅತ್ತಳು. ಅವಳ ತಾಯಿ ಸಾಯ್ತಾ ಇದ್ದಾಗ ಅವಳು ಬೋಟಿನವನಿಗೆ ಫೋನ್ ಮಾಡಿದಳು. ಬೋಟಿನವನು ಬರಲ್ಲ ಅಂದ. ಯಾಕೆ ಗೊತ್ತಾ ಮೇಡಂ? ಅವನು ನಿಮ್ಮ ಪಕ್ಷದವನು. ಆ ಮನೆಯವರು ನಮ್ಮವರು. ಈ ದೇಶದಲ್ಲಿ ಸಾಯೋದಕ್ಕೂ ನಿಮ್ಮ ಸದಸ್ಯತ್ವ ಬೇಕಾ?"

ಹಾಲ್ ಎದ್ದು ನಿಂತಿತು. ನಮ್ಮ ಅರ್ಧ, ಅಂದರೆ. ಯೆರ್ಕೊ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಸಿಳ್ಳೆ, ಚಪ್ಪಾಳೆ, ಹೊಡೆದ ನೋಡು ಹೊಡೆದ ಅಂತ ಕೂಗು. ನಾಲ್ಕು ಜನ ಹೆಂಗಸರು ನನ್ನನ್ನು ತಬ್ಬಿಕೊಂಡರು. ನಿಜ ಹೇಳುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ, ಮೊದಲ ಅರ್ಧ ಕ್ಷಣ ನನಗೆ ಹೆಮ್ಮೆಯೇ ಆಯಿತು. ಟಿ.ವಿ.ಯಲ್ಲಿ ನಮ್ಮ ಪ್ರಿಬಿನ್ ಹೆಸರು. ಆಮೇಲೆ ಅವನು ಏನು ಹೇಳಿದ ಅನ್ನುವುದು ತಲೆಗೆ ಹೋಯಿತು. ಆ ಮಗಳು ನಾನು, ಆ ಬೋಟಿನವನು ಟೋಂಚಿ.

ಟೋಂಚಿ ನನ್ನನ್ನೇ ನೋಡುತ್ತಿದ್ದ. ಕೋಪದಿಂದಲ್ಲ. ಬಸ್ಸಿಗೆ ಕಾಯುವವನು ರಸ್ತೆ ನೋಡುತ್ತಾನಲ್ಲ, ಹಾಗೆ. ನಾನು ಏನಾದರೂ ಹೇಳುತ್ತೇನೆ ಅಂತ ಅವನಿಗೆ ಅನುಮಾನವೇ ಇರಲಿಲ್ಲ. ಯೆರ್ಕೊ ಅವನ ಕಡೆ ಬೆರಳು ತೋರಿಸಿ ಕೊಲೆಗಾರ ಅಂದ. ಪಾದ್ರಿ ಶ್ ಅಂದರು, ಅಷ್ಟು ಗಟ್ಟಿಯಾಗಿ ಅಲ್ಲ. ಅವರ ಕಡೆಯವರೆಲ್ಲ ಟೋಂಚಿಯನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ದಾರಿಂಕಾ ತನ್ನ ಕುರ್ಚಿಯನ್ನು ಒಂದು ಗೇಣು ಆಚೆ ಎಳೆದುಕೊಂಡಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯೆರ್ಕೊನ ಹೆಂಡತಿ, ನಾನು ಅಮ್ಮನನ್ನು ನೆನೆದು ಅಳುತ್ತಿದ್ದೇನೆ ಅಂದುಕೊಂಡು, ಕರ್ಚೀಫು ತೆಗೆದು ನನ್ನ ಮುಖ ಒರೆಸಿದಳು. ಎಲ್ಲರೂ ಅಯ್ಯೋ ಪಾಪ ಅಂದರು. ಮೂವತ್ತು ಜನ ನನ್ನ ಬೆನ್ನು ಸವರುತ್ತಿದ್ದಾರೆ, ನನ್ನ ಪಕ್ಷ ಗೆಲ್ಲುತ್ತಿದೆ, ನಾನು ಹದಿನೆಂಟು ವರ್ಷ ಕಾದ ಘಳಿಗೆ ಅದು. ನಾನು ಬಾಯಿ ಮುಚ್ಚಿದೆ. ಟೋಂಚಿ ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದುಕೊಂಡು ನಡುದಾರಿಯಲ್ಲಿ, ಪಾದ್ರಿಯ ಕುರ್ಚಿ ದಾಟಿ, ಹೊರಟುಹೋದ.

ಈಗ ನಡೆದದ್ದು ಹೇಳುತ್ತೇನೆ. ಇದನ್ನು ಅಲ್ಲಿಯತನಕ ತಿಳಿದವರು ಇಬ್ಬರೇ, ನಾನು ಮತ್ತು ಟೋಂಚಿ. ಮೂರನೆಯವರಾದ ವೃದ್ಧ ವೈದ್ಯರು ತೀರಿಕೊಂಡಿದ್ದರು.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಅಮ್ಮ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಬಾಯಿ ಒಂದು ಕಡೆಗೆ ವಾಲಿತು. ಬೂರಾ ಗಾಳಿ ಮೂರು ದಿನದಿಂದ ಬೀಸುತ್ತಿತ್ತು, ಬೆಟ್ಟದಿಂದ ಇಳಿದು ಸಮುದ್ರವನ್ನೇ ಕಿತ್ತು ಎಸೆಯುವಂಥ ಗಾಳಿ. ಹೆಲಿಕಾಪ್ಟರ್ ಏಳುವುದಿಲ್ಲ ಅಂದರು. ಟೋಂಚಿಗೆ ಫೋನ್ ಮಾಡಿದೆ. ಬಂದರು ಕಚೇರಿಯವರು ಸಣ್ಣ ಬೋಟುಗಳೆಲ್ಲ ಹೊರಡಕೂಡದು ಅಂತ ಬರೆದು ಕೊಟ್ಟಿದ್ದಾರೆ, ಆಗಲ್ಲ ಕುಮಾ ಅಂದ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದು ಫೋನ್ ಕುಕ್ಕಿದೆ.

ನಮ್ಮ ಮನೆ ಇರುವುದು ಊರಿಂದ ಆಚೆ, ದ್ವೀಪದ ಹಿಂಬದಿಯ ಕೊಲ್ಲಿಯಲ್ಲಿ. ಅಲ್ಲಿ ಬೇಸಿಗೆಗೆ ಬರುವವರ ಮನೆಗಳೇ ಎಲ್ಲ, ಚಳಿಗಾಲದಲ್ಲಿ ನಮ್ಮ ಮನೆಯೊಂದರಲ್ಲೇ ಜನ. ಅರ್ಧ ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಟೋಂಚಿ, ತಲೆಯಿಂದ ಕಾಲಿನ ತನಕ ಒದ್ದೆ. ಬೋಟನ್ನು ಸುತ್ತು ಹಾಕಿ ಕೊಲ್ಲಿಗೆ ತಂದಿದ್ದ, ಆ ಗಾಳಿಗೆ ದಕ್ಕೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಇಬ್ಬರೂ ಅಮ್ಮನನ್ನು ಕಂಬಳಿಯಲ್ಲಿ ಎತ್ತಿ ಒಳಗೆ ಮಲಗಿಸಿದೆವು. ಅರ್ಧ ದಾರಿ ಹೋಗಿರಬಹುದು, ನನ್ನ ತೊಡೆಯ ಮೇಲೆ ಅವಳ ಉಸಿರು ನಿಂತಿತು. ಟೋಂಚಿ ತಿರುಗಿ ನೋಡಿದ, ನಾನು ತಲೆ ಆಡಿಸಿದೆ. ಅವನು ಬೋಟು ವಾಪಸು ತಿರುಗಿಸುವಾಗ ಅಲೆ ನಮ್ಮನ್ನು ಎರಡು ಸಲ ಮಗುಚಿಯೇಬಿಟ್ಟಿತು ಅನ್ನಿಸಿತ್ತು. ಅವನು ಜೋರಾಗಿ ಜಪಮಾಲೆಯ ಪ್ರಾರ್ಥನೆ ಹೇಳುತ್ತಿದ್ದ, ನಡುನಡುವೆ ಅಲೆಗಳಿಗೆ ಕೆಟ್ಟ ಬೈಗುಳ. ಮನೆಗೆ ತಂದು ಹಾಸಿಗೆಯ ಮೇಲೆ ಮಲಗಿಸಿದೆವು. ವೈದ್ಯರು ನಡೆದುಕೊಂಡು ಬಂದರು, ಒದ್ದೆ ಕಂಬಳಿ ನೋಡಿದರು, ಏನೂ ಕೇಳದೆ ಮನೆಯಲ್ಲೇ ಸಾವು ಅಂತ ಬರೆದರು. ನಿಷೇಧ ಮುರಿದು ರೋಗಿಯನ್ನು ಕರೆದೊಯ್ದ, ಅದರಲ್ಲೂ ರೋಗಿ ಬೋಟಿನಲ್ಲೇ ಸತ್ತಳು ಅಂತಾದರೆ ಟೋಂಚಿಯ ಲೈಸೆನ್ಸು ಆ ದಿನವೇ ಹೋಗುತ್ತಿತ್ತು. ಹಾಗಾಗಿ ಊರಿನವರ ಲೆಕ್ಕಕ್ಕೆ ಆ ಬೋಟು ಆ ದಿನ ಹೊರಡಲೇ ಇಲ್ಲ. ನಾವು ಅದನ್ನು ಮತ್ತೆ ಮಾತಾಡಲೂ ಇಲ್ಲ.

ಹಾಗಿದ್ದ ಮೇಲೆ ಕಲೆಬ್‌ಗೆ ಯಾಕೆ ಹೇಳಿದೆ?

ನವೆಂಬರ್‌ನಲ್ಲಿ ಅವನು ಪ್ರಚಾರಕ್ಕೆ ಬಂದಿದ್ದ. ನನ್ನ ಅಡುಗೆಮನೆಯಲ್ಲಿ ನಲವತ್ತು ನಿಮಿಷ ಕೂತಿದ್ದ. ನಾನು ಮಾಡಿದ ಕಪ್ಪು ಅನ್ನ, ಕಣವೆ ಮೀನಿನ ಮಸಿ ಹಾಕಿದ್ದು, ಎರಡು ತಟ್ಟೆ ತಿಂದು ಕರಿ ಹಲ್ಲು ಬಿಟ್ಟು ನಕ್ಕ. ಅಮ್ಮನ ಫೋಟೊ ನೋಡಿ ಇವರು ಯಾರು ಅಂತ ಅವನೇ ಕೇಳಿದ. ಹೇಗೆ ಹೋದರು ಅಂದ. ಅಂಥ ದೊಡ್ಡ ಮನುಷ್ಯ ಚಮಚ ಕೆಳಗಿಟ್ಟು ಕೇಳಿದರೆ ಎದೆ ಕರಗುವುದಿಲ್ಲವೇ. ಬಿದ್ದದ್ದು ಹೇಳಿದೆ, ಹೆಲಿಕಾಪ್ಟರ್ ಬರಲಿಲ್ಲ ಅಂದೆ, ಬೋಟಿನವನಿಗೆ ಫೋನ್ ಮಾಡಿದರೆ ಗಾಳಿಗೆ ನಿಷೇಧ ಇದೆ, ಆಗಲ್ಲ ಅಂದ ಅಂತಲೂ ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ. ಮುಂದಿನದು ನನ್ನದಲ್ಲ, ಟೋಂಚಿಯದು.

ಬೋಟಿನವನು ಯಾರು ಅಂತ ಕೇಳಿದ. ಟೋಂಚಿ, ನಿಕೋಲನ ಮಗ, ಅವರ ಕಡೆಯವನು ಅಂದೆ. ಅಷ್ಟೇ ನಾನು ಮಾಡಿದ್ದು. ಈ ದ್ವೀಪದಲ್ಲಿ ಒಬ್ಬ ಮನುಷ್ಯ ಯಾರು ಅಂದರೆ ಹೇಳುವುದೇ ಹಾಗೆ. ಯಾರ ಮಗ, ಯಾರ ಕಡೆ. ಬಡಗಿ ಬೇಕು ಅಂದರೂ ಹಾಗೇ ಹೇಳುತ್ತೇವೆ, ಹಲ್ಲು ಕೀಳುವವರು ಬೇಕು ಅಂದರೂ ಹಾಗೇ. ಅವರ ಕಡೆಯವನು ಅಂದ ಮಾತ್ರಕ್ಕೆ ಹಲ್ಲು ಕೀಳುವಾಗ ಜಾಸ್ತಿ ನೋಯಿಸುತ್ತಾನೆ ಅಂತ ನಮ್ಮಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ಕಲೆಬ್ ಅದನ್ನು ಕೇಳಿ ನನ್ನ ಕೈ ಹಿಡಿದುಕೊಂಡ. ನಾನು ಅಳಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಅವನ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿಗೆ ನಾನು ಯಾರು ಅಂತ ಗೊತ್ತಾದ ಕೂಡಲೇ ಕುಣಿದಾಡಿಬಿಟ್ಟಳು, ದೇಶವೆಲ್ಲ ನಿಮ್ಮದೇ ಮಾತು ಅಂದಳು. ನಾನು ಉಗಿದು ಉಪ್ಪಿನಕಾಯಿ ಹಾಕಿದೆ. ಹತ್ತು ಗಂಟೆಗೆ ಕಲೆಬ್ ತಾನೇ ಫೋನ್ ಮಾಡಿದ.

"ವಿಂಕಾ ಚಿಕ್ಕಮ್ಮ," ಅಂದ, ಬೆಣ್ಣೆಯಂಥ ದನಿ. "ಅವನು ಅವರ ಕಡೆಯವನು ಅಂತ ನೀವೇ ಹೇಳಿದ್ದಲ್ವಾ?"

"ಹೇಳಿದೆ. ಅದಕ್ಕೇ ಬರಲಿಲ್ಲ ಅಂತ ನಾನು ಹೇಳಿದ್ನಾ? ಗಾಳಿ ಅಂತ ಹೇಳಿರಲಿಲ್ವಾ ನಿಂಗೆ?"

"ಜನಕ್ಕೆ ಗಾಳಿ ಅರ್ಥ ಆಗಲ್ಲ ಚಿಕ್ಕಮ್ಮ. ನಿಮ್ಮ ನೋವು ಅರ್ಥ ಆಯ್ತು. ಭಾನುವಾರ ಒಂದು ಕಳೀಲಿ. ಸೋಮವಾರ ನಾನೇ ಸರಿ ಮಾಡ್ತೀನಿ."

"ಅವನು ನನ್ನ ಕುಮ್ ಕಣೋ."

ಅವನು ಸುಮ್ಮನಾದ. ಹೇಳಿದೆನಲ್ಲ, ಅದು ಅವನಿಗೆ ಚೆನ್ನಾಗಿ ಬರುತ್ತದೆ. ಆಮೇಲೆ, ಈಗ ನೀವು ಮಾತು ಬದಲಾಯಿಸಿದರೆ ನಿಮ್ಮನ್ನೇ ಸುಳ್ಳಿ ಅಂತಾರೆ, ಅದು ನಂಗಿಷ್ಟ ಇಲ್ಲ ಅಂದ. ಹಾಗೆ ಹೆದರಿಸಿ, ಅಮ್ಮನ ಆತ್ಮಕ್ಕೆ ಶಾಂತಿ ಕೋರಿ ಫೋನ್ ಇಟ್ಟ. ನನ್ನ ಮೇಜಿಗೆ ಕೂತು ನನ್ನ ಅನ್ನ ತಿಂದವನು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಹದಿನೆಂಟು ವರ್ಷ ಇಂಥವರಿಗೆ ಮೈದಾ ಅಂಟು ಕಲಸಿ ಪೋಸ್ಟರ್ ಹಚ್ಚಿದ್ದೆ.

ಟೋಂಚಿಯ ಕಡೆಯವರು ನಮ್ಮವರಿಗಿಂತ ಒಂದು ಹೆಜ್ಜೆ ಮುಂದೆ. ಮಧ್ಯಾಹ್ನದ ರೇಡಿಯೊದಲ್ಲಿ ಬಂತು. ಬೋಟು ಜಿಲ್ಲೆಯ ಆಡಳಿತದ್ದು, ಜಿಲ್ಲೆ ಅವರ ಪಕ್ಷದ ಕೈಯಲ್ಲಿತ್ತು, ಪ್ರೊಫೆಸರಮ್ಮನಿಗೆ ಕಳಂಕ ಹತ್ತಬಾರದು ನೋಡಿ. ಪ್ರಿಬಿನ್‌ನ ಬೋಟಿನವನನ್ನು ಕೆಲಸದಿಂದ ತಡೆಹಿಡಿದಿದ್ದೇವೆ, ವಿಚಾರಣೆ ಮಾಡುತ್ತೇವೆ, ಇಂಥ ಮನುಷ್ಯನಿಗೆ ನಮ್ಮ ಪಕ್ಷದಲ್ಲಿ ಜಾಗವಿಲ್ಲ ಅಂತ ಹೇಳಿಕೆ. ಅವನನ್ನು ಒಂದು ಮಾತು ಕೇಳಿರಲಿಲ್ಲ. ಅವನೂ ಇಪ್ಪತ್ತೆರಡು ವರ್ಷ ಅವರಿಗೆ ಗೋಡೆಗೋಡೆಗೆ ಅಂಟು ಬಳಿದವನೇ. ದಾರಿಂಕಾಳ ಅಂಗಡಿಯಲ್ಲಿ ಅವನು ಆ ಬೆಳಿಗ್ಗೆ ಒಬ್ಬನೇ ಕಾಫಿ ಕುಡಿದನಂತೆ. ದಿನಾ ಅವನ ಮೇಜಿನಲ್ಲಿ ಇಸ್ಪೀಟು ಆಡುತ್ತಿದ್ದ ಮೂವರೂ ಪಕ್ಕದ ಮೇಜಿನಲ್ಲಿ ಕೂತು ಆಡಿದರಂತೆ, ನಾಲ್ಕನೆಯವನಿಲ್ಲದೆ.

ಸಂಜೆ ನಾಲ್ಕರ ಹಡಗಿಗೆ ಟಿ.ವಿ.ಯವರು ಬಂದಿಳಿದರು, ಒಬ್ಬಳು ವರದಿಗಾರ್ತಿ, ಒಬ್ಬ ಕ್ಯಾಮೆರಾದವನು. ಮಧ್ಯರಾತ್ರಿಯಿಂದ ಚುನಾವಣಾ ಮೌನ, ಆಮೇಲೆ ಯಾರೂ ಪ್ರಚಾರದ ಮಾತು ಆಡುವ ಹಾಗಿಲ್ಲ, ಹೇಳಬೇಕಾದ್ದು ಈಗಲೇ ಹೇಳಿ ಅಂದರು. ಮತ್ತೆ ಅದೇ ಹಾಲ್. ನನ್ನನ್ನು ಟಿ.ವಿ. ಪಕ್ಕದಲ್ಲಿ ಕೂರಿಸಿ ಹಿಂದೆ ನಮ್ಮ ಬಾವುಟ ಕಟ್ಟಿದರು. ಅಳು ಬಂದರೆ ತಡೀಬೇಡ ವಿಂಕಾ ಅಂತ ಯೆರ್ಕೊ ಕಿವಿಯಲ್ಲಿ ಹೇಳಿದ. ಅವರ ಕಡೆಯವರೂ ಬಂದಿದ್ದರು. ವರದಿಗಾರ್ತಿ ಕರೆಸಿದ್ದಕ್ಕೆ ಟೋಂಚಿಯೂ ಬಂದು ಬಾಗಿಲ ಹತ್ತಿರ ನಿಂತ. ಒಲೆಯ ಪಕ್ಕ ಅವನ ಕುರ್ಚಿ ಖಾಲಿ ಇತ್ತು, ಅವನು ಅದರ ಕಡೆ ಹೋಗಲಿಲ್ಲ.

ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ತೂಗಿ ಅಳೆದು ಬಂದಿದ್ದೆ. ಅಷ್ಟೇ ಹೇಳಿದೆ. ಆ ದಿನ ಬೂರಾ ಇತ್ತು, ಬಂದರು ಕಚೇರಿಯ ನಿಷೇಧ ಇತ್ತು, ಬೋಟು ಹೊರಡುವ ಹಾಗಿರಲಿಲ್ಲ, ಇದರಲ್ಲಿ ಯಾವ ಪಕ್ಷವೂ ಇಲ್ಲ. ಕಲೆಬ್ ಹೇಳಿದ್ದು ನಾನು ಹೇಳಿದ್ದಲ್ಲ.

ವರದಿಗಾರ್ತಿ, ಹಾಗಾದರೆ ನಿನ್ನೆ ಅಭ್ಯರ್ಥಿ ಸುಳ್ಳು ಹೇಳಿದರೇ ಅಂದಳು. ಹೌದು ಅಂದೆ. ಯಾರೋ ಹಿಂದಿನಿಂದ ಇವಳನ್ನ ಹೆದರಿಸಿದ್ದಾರೆ ಅಂದರು. ಇನ್ಯಾರೋ ಹೆದರಿಸಿಲ್ಲ, ಕೊಂಡುಕೊಂಡಿದ್ದಾರೆ ಅಂದರು. ಹದಿನೆಂಟು ವರ್ಷದ ಕಾರ್ಯದರ್ಶಿ ನಾನು. ಅದನ್ನೂ ನುಂಗಿದೆ. ಅಲ್ಲಿಗೆ ಎದ್ದು ಮನೆಗೆ ಹೋಗಬೇಕಿತ್ತು.

ಯೆರ್ಕೊ ಮುಂದೆ ಬಂದ. "ಗಾಳಿ ಅಂತೆ," ಅಂದ ಕ್ಯಾಮೆರಾಗೆ. "ಇವಳ ತಾಯಿ ಅಲ್ಲಿ ಪ್ರಾಣ ಬಿಡ್ತಾ ಇದ್ದಾಗ ಈ ಗಂಡಸು ಮನೆಯಲ್ಲಿ ಒಲೆ ಮುಂದೆ ಕಾಲು ಚಾಚ್ಕೊಂಡು ಕೂತಿದ್ದ. ಅಷ್ಟು ಸಾಕಲ್ವಾ?"

ನನ್ನ ತಲೆ ಕೆಟ್ಟುಹೋಯಿತು. ನನ್ನ ಬಾಯಿ ನನ್ನ ಮಾತು ಕೇಳುವುದೇ ಅಪರೂಪ, ಆ ಹೊತ್ತಿಗೆ ಸುತರಾಂ ಕೇಳಲಿಲ್ಲ. ಎದ್ದು ನಿಂತೆ.

"ಕೂತಿರಲಿಲ್ಲ ಕಣೋ ಅವನು. ಬಂದ. ನಿನ್ನಂಥವನು ಕಿಟಕಿ ತೆಗೆಯಕ್ಕೆ ಹೆದರೋ ಗಾಳಿಯಲ್ಲಿ ಬೋಟು ತಂದ. ನಮ್ಮಮ್ಮನ್ನ ಎತ್ತಿ ಮಲಗಿಸ್ದ. ನಮ್ಮಮ್ಮ ಅವನ ಬೋಟಲ್ಲಿ ಸತ್ತಳು, ನಡುಸಮುದ್ರದಲ್ಲಿ, ನನ್ನ ತೊಡೆ ಮೇಲೆ. ಅವಳು ಸತ್ತ ಮೇಲೆ ಅವಳಿಗೋಸ್ಕರ ಪ್ರಾರ್ಥನೆ ಹೇಳಿದ್ದು ಅವನೊಬ್ಬನೇ. ನನಗೆ ಬಾಯಿ ಬರಲಿಲ್ಲ."

ಎಲ್ಲ ಹೇಳಿದೆ. ಒದ್ದೆ ಕಂಬಳಿ, ವೈದ್ಯರು, ಎಲ್ಲ. ಅವರ ಕಡೆಯ ಒಬ್ಬ ಮುದುಕಿ ಶಿಲುಬೆಯ ಗುರುತು ಹಾಕಿಕೊಂಡಳು. ದಾರಿಂಕಾ ಅಳುತ್ತಿದ್ದಳು. ಯೆರ್ಕೊ ತಲೆ ತಗ್ಗಿಸಿದ. ನನ್ನ ಎದೆ ಹಗುರಾಯಿತು, ಇನ್ನೇನು ಟೋಂಚಿ ಬಂದು ಕುಮಾ ಅಂತಾನೆ ಅಂತ ಬಾಗಿಲ ಕಡೆ ತಿರುಗಿದೆ. ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ.

"ಅಂದರೆ ನಿಷೇಧ ಇದ್ದಾಗಲೂ ಬೋಟು ಹೊರಟಿತ್ತು," ಅಂದಳು ವರದಿಗಾರ್ತಿ. ಪಾಪದ ಹುಡುಗಿ, ಕೆಟ್ಟ ಉದ್ದೇಶ ಏನಿರಲಿಲ್ಲ ಅವಳಿಗೆ.

ಆಗ ನನಗೆ ತಿಳಿಯಿತು.

"ಹೊರಟಿತ್ತು," ಅಂದ ಟೋಂಚಿ. ಅಷ್ಟು ಹೇಳಿ ಹೋದ.

ರಾತ್ರಿಯ ಸುದ್ದಿಯಲ್ಲಿ ಕಲೆಬ್ ಹೇಳಿದ ಮಾತನ್ನೇ ಮತ್ತೊಮ್ಮೆ ತೋರಿಸಿದರು. ಅದರ ಹಿಂದೆ, ಪ್ರಿಬಿನ್‌ನಿಂದ ಗೊಂದಲದ ಹೇಳಿಕೆಗಳು ಬರುತ್ತಿವೆ ಅಂತ ಒಂದು ಸಾಲು, ಹತ್ತು ಸೆಕೆಂಡು ನನ್ನ ಮುಖ, ನಾನು ಎದ್ದು ನಿಂತು ಕೈ ಬೀಸುತ್ತಿರುವುದು, ದನಿ ಇಲ್ಲ. ಶನಿವಾರ ಮೌನ. ಭಾನುವಾರ ಕಲೆಬ್ ಗೆದ್ದ. ನಮ್ಮ ಪ್ರಿಬಿನ್‌ನಲ್ಲಿ ಅವನಿಗೆ ನೂರ ನಲವತ್ತೊಂದು, ಪ್ರೊಫೆಸರಮ್ಮನಿಗೆ ತೊಂಬತ್ತಾರು, ನಮಗೆ ಅಷ್ಟು ಮತ ಯಾವತ್ತೂ ಬಿದ್ದಿರಲಿಲ್ಲ. ನಾನು ಹೇಳಿದ್ದನ್ನು ಕಿವಿಯಾರೆ ಕೇಳಿದವರೂ ಅವನಿಗೇ ಹಾಕಿದ್ದರು. ಅವರ ಕಡೆಯವರೂ ಕೆಲವರು ಹಾಕಿದ್ದರು ಅಂತ ಕಾಣುತ್ತದೆ.

ನಾನು ಯಾರಿಗೆ ಹಾಕಿದೆ ಅಂತ ಕೇಳಬೇಡಿ. ಪರದೆಯ ಹಿಂದೆ ತುಂಬ ಹೊತ್ತು ನಿಂತಿದ್ದೆ.

ಸೋಮವಾರ ಕಲೆಬ್ ಏನನ್ನೂ ಸರಿ ಮಾಡಲಿಲ್ಲ. ಅವನ ಕಚೇರಿಗೆ ಆರು ಸಲ ಫೋನ್ ಮಾಡಿದೆ, ಆ ಹುಡುಗಿಯ ಬದಲು ಸಂಗೀತ ಬರುತ್ತಿತ್ತು. ಟೋಂಚಿಯ ಹೆಸರಿಗೆ ಹತ್ತಿದ ಮಸಿ ತೊಳೆಯಲಿಕ್ಕೆ ಹಾಲ್‌ನಲ್ಲಿ ತೆಗೆದ ಆ ವಿಡಿಯೊ ಯಾರಿಗೂ ಬೇಕಾಗಲಿಲ್ಲ. ಬಂದರು ಕಚೇರಿಯವರಿಗೆ ಮಾತ್ರ ಬೇಕಾಯಿತು. ಬುಧವಾರ ಅವನಿಗೆ ಕಾಗದ ಬಂತು. ಲೈಸೆನ್ಸು ರದ್ದು, ನಿಷೇಧ ಮುರಿದದ್ದಕ್ಕೆ ಮತ್ತು ಸಾವನ್ನು ಮುಚ್ಚಿಟ್ಟದ್ದಕ್ಕೆ ಕೇಸು, ಪಿಂಚಣಿಯ ವಿಚಾರ ಆಮೇಲೆ ತೀರ್ಮಾನ. ಪಿಂಚಣಿಗೆ ಅವನಿಗೆ ಮೂರು ವರ್ಷ ಬಾಕಿ ಇತ್ತು.

ಗುರುವಾರ ಬೆಳಿಗ್ಗೆ ಅವನ ಮನೆಗೆ ಹೋದೆ. ಏನು ತೆಗೆದುಕೊಂಡು ಹೋಗಲಿ ಅಂತ ತಿಳಿಯದೆ ಬರಿಗೈಯಲ್ಲಿ ಹೋದೆ, ಜೀವಮಾನದಲ್ಲಿ ಮೊದಲ ಸಲ. ಅವನು ಮೆಟ್ಟಿಲ ಮೇಲೆ ಕೂತು ಬೂಟಿಗೆ ಗ್ರೀಸು ತಿಕ್ಕುತ್ತಿದ್ದ. ಕೂತ್ಕೋ ಅನ್ನಲಿಲ್ಲ. ನಾನು ಕಲೆಬ್‌ನನ್ನು ಬೈದೆ. ಅವನ ಪಕ್ಷದವರನ್ನು ಬೈದೆ. ಟಿ.ವಿ.ಯವರನ್ನು, ಯೆರ್ಕೊನನ್ನು, ದಾರಿಂಕಾಳನ್ನು ಬೈದೆ. ಅವನು ಒಂದು ಬೂಟು ಮುಗಿಸಿ ಇನ್ನೊಂದು ತೆಗೆದುಕೊಂಡ.

"ಅವರೆಲ್ಲ ಯಾರು ನಂಗೆ?" ಅಂದ. "ಕಲೆಬ್‌ನ ನಾನು ಯಾವತ್ತಾದ್ರೂ ನಂಬಿದ್ನಾ? ನಮ್ಮೋರೂ ಅಷ್ಟೇ, ಎಲ್ಲಿಗೆ ಬರ್ತಾರೆ ಅಂತ ಗೊತ್ತಿತ್ತು. ಹೋದ ಗುರುವಾರ ನಿನ್ನ ಮುಖ ನೋಡ್ತಾ ಕೂತಿದ್ದೆ ನಾನು. ಗಾಳಿ ಇತ್ತು ಅಂತ ಅಂದಿದ್ರೆ ಸಾಕಿತ್ತು. ಅಲ್ಲಿಗೆ ಮುಗೀತಿತ್ತು. ಹೆಸರೂ ಉಳೀತಿತ್ತು, ಬೋಟೂ ಉಳೀತಿತ್ತು. ಅವತ್ತು ನಿನ್ನ ಬಾಯಿಂದ ಒಂದು ಮಾತು ಬರಲಿಲ್ಲ. ಮಾರನೇ ದಿನ ಬಂತು, ನಿಲ್ಲಲೇ ಇಲ್ಲ."

"ನಿನ್ನ ಉಳಿಸಬೇಕು ಅಂತಾನೇ ಹೇಳಿದ್ದು," ಅಂದೆ.

"ನನ್ನ ಕೇಳಿದ್ಯಾ?"

ಇಲ್ಲ ಅಂದೆ.

"ನಾನು ನಿಮ್ಮಮ್ಮನ್ನ ಕರ್ಕೊಂಡು ಹೋಗುವಾಗ ನೀನು ಯಾರ ಕಡೆ ಅಂತ ನೋಡ್ಲಿಲ್ಲ ವಿಂಕಾ." ಬೂಟು ಕೆಳಗಿಟ್ಟ. "ಪೆರಿನಾ ನನ್ನ ಮಗಳು. ಅದು ಚರ್ಚಿನಲ್ಲಿ ಆದದ್ದು, ಅದನ್ನ ಯಾರೂ ಕಿತ್ಕೊಳ್ಳೋಕೆ ಆಗಲ್ಲ. ನೀನು ಇನ್ನು ಈ ಮನೆಗೆ ಬರಬೇಡ."

ಜಗಳಕ್ಕೆ ನಿಂತಿದ್ದರೆ ನಾನೂ ನಿಲ್ಲುತ್ತಿದ್ದೆ. ಅವನು ಬೂಟುಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮೆಲ್ಲಗೆ ಹಾಕಿದ.

ಇಳಿದು ದಕ್ಕೆಗೆ ಬಂದೆ. ನಮ್ಮವರು ಬಿಸಿಲಿಗೆ ಮೇಜು ಹಾಕಿಕೊಂಡು ಕೂತಿದ್ದರು. ನಾಲ್ಕನೇ ದಿನವೂ ಗೆದ್ದ ಅಮಲು ಇಳಿದಿರಲಿಲ್ಲ, ಆ ಅಮಲಿನಲ್ಲಿ ನನ್ನ ಶುಕ್ರವಾರವನ್ನೂ ಮಾಫಿ ಮಾಡಿಬಿಟ್ಟಿದ್ದರು. ಯೆರ್ಕೊ ದೂರದಿಂದಲೇ ಕೈಯೆತ್ತಿ, ಬಾ ವಿಂಕಾ ಬಾ, ಈ ಗೆಲುವು ನಿಂದೇ ಕಣೇ ಅಂತ ಕೂಗಿದ. ಅವನ ಹೆಂಡತಿ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದಳು. ನಾನು ನಿಂತು ಹಿಂದೆ ನೋಡಿದೆ. ಆ ಊರಿನಲ್ಲಿ ನನಗೆ ಹೋಗಲಿಕ್ಕೆ ಬೇರೆ ಬಾಗಿಲಿರಲಿಲ್ಲ. ಹೋಗಿ ಅವರ ಜೊತೆ ಕೂತೆ, ಯೆರ್ಕೊ ಕೊಟ್ಟ ಗ್ಲಾಸು ತೆಗೆದುಕೊಂಡು ಕುಡಿದೆ.